ಹೆಸರಿಲ್ಲದ ವಾಲ್ವ್ ರೇಡಿಯೊ: ಮಾರ್ಪಾಡಿನ ಹಿಂದಿರುವ ಮೂಲ ಸರ್ಕ್ಯೂಟನ್ನು ಗುರುತಿಸಿ ದುರಸ್ತಿ ಮಾಡುವುದು ಹೇಗೆ?

ರೇಡಿಯೊ ತಂದವರು

ಎಲ್ಲರಿಗೂ ನಮಸ್ಕಾರ. ನನ್ನ ಬಳಿಗೆ ಬಂದಿರುವ ಒಂದು ವಾಲ್ವ್ (ನಿರ್ವಾತ ನಳಿಕೆ) ರೇಡಿಯೊ ಯಾವ ಕಾಲದ್ದು, ಅದರ ಮೂಲ ಸರ್ಕ್ಯೂಟ್ ಹೇಗಿತ್ತು ಎಂಬುದನ್ನು ತಿಳಿಯಲು ತಮ್ಮೆಲ್ಲರ ನೆರವು ಬೇಕಾಗಿದೆ. ಮರದ ಪೆಟ್ಟಿಗೆಯನ್ನು ಯಾರೋ ಉಜ್ಜಿ ಹೊಸದಾಗಿ ಪಾಲಿಶ್ ಮಾಡಿರುವುದರಿಂದ ಕಂಪನಿಯ ಹೆಸರು ಉಳಿದಿಲ್ಲ. ಹಿಂಬದಿಯ ರಟ್ಟು ಇಲ್ಲ. ಅದರೊಂದಿಗೆ ಮಾಡೆಲ್ ಸಂಖ್ಯೆಯ ಚೀಟಿಯೂ ಹೋಗಿದೆ. ಡಯಲ್ ಗಾಜಿನ ಮೇಲೆ ಮೀಡಿಯಂ ವೇವ್ ಮತ್ತು ಎರಡು ಶಾರ್ಟ್ ವೇವ್ ಬ್ಯಾಂಡುಗಳ ಅಂಕಿಗಳಿವೆಯೇ ಹೊರತು ನಿಲ್ದಾಣಗಳ ಹೆಸರಿಲ್ಲ.

ಚಾಸಿಯ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆ) ಮೇಲೆ ಐದು ವಾಲ್ವುಗಳ ಜಾಗವಿದೆ. ಮೂರರಲ್ಲಿ 6ಎಸ್‌ಎ7, 6ಎಸ್‌ಕೆ7 ಮತ್ತು 6ಎಸ್‌ಕ್ಯೂ7 ಕುಳಿತಿವೆ. ನಾಲ್ಕನೆಯ ರಂಧ್ರಕ್ಕೆ ತಗಡಿನ ಬಿಲ್ಲೆಯೊಂದನ್ನು ಮುಚ್ಚಿ, ಅದರ ನಡುವೆ ಒಂಬತ್ತು ಪಿನ್ನಿನ ಚಿಕ್ಕ ಸಾಕೆಟ್ ಕೂರಿಸಿ ಇಎಲ್84 ಎಂಬ ಔಟ್‌ಪುಟ್ ವಾಲ್ವು (ಧ್ವನಿವರ್ಧಕವನ್ನು ನುಡಿಸುವಂಥದು) ಹಾಕಿದ್ದಾರೆ. ಐದನೆಯ ಸಾಕೆಟ್ ಖಾಲಿಯಿದ್ದು, ಅದರ ಅಡಿಯಲ್ಲಿ ಎರಡು 1ಎನ್4007 ಡಯೋಡುಗಳು ಬೆಸೆದುಕೊಂಡಿವೆ. ಪೆಟ್ಟಿಗೆಯ ಪಕ್ಕದಲ್ಲಿ ರಂಧ್ರ ಕೊರೆದು ಪಿಕಪ್ ಸಾಕೆಟ್ (ಗ್ರಾಮಫೋನ್ ಜೋಡಿಸಲು) ಮತ್ತು ಒಂದು ಸಣ್ಣ ಸ್ವಿಚ್ ಜೋಡಿಸಿದ್ದಾರೆ. ಡಯಲಿನ ಮೇಲ್ಭಾಗದಲ್ಲಿ ದುಂಡನೆಯ ರಂಧ್ರವೊಂದು ಬಟ್ಟೆಯ ಹಿಂದೆ ಅಡಗಿದೆ; ಅದರತ್ತ ಹೋಗುತ್ತಿದ್ದ ಕೆಲವು ತಂತಿಗಳನ್ನು ಚಾಸಿಯ ಬಳಿಯೇ ಕತ್ತರಿಸಿದ್ದಾರೆ.

ಸೆಟ್ಟು ಮಾತನಾಡುತ್ತದೆ. ಆದರೆ ಗುಂಯ್ ಎನ್ನುವ ಸದ್ದು ಮೊದಲಿನಿಂದಲೂ ಇರುತ್ತದೆ. ಬಿಸಿಯಾಗುತ್ತಾ ಹೋದಂತೆ ಧ್ವನಿ ಒಡೆಯತೊಡಗುತ್ತದೆ ಮತ್ತು ಕತ್ತಲಲ್ಲಿ ನೋಡಿದರೆ ಇಎಲ್84ರ ಪ್ಲೇಟು (ಒಳಗಿನ ಲೋಹದ ತಗಡು) ನಸುಗೆಂಪಾಗುತ್ತದೆ. ಇದನ್ನು ಮೂಲ ಸ್ಥಿತಿಗೆ ತರುವುದೇ ಸರಿಯೇ, ಅಥವಾ ಈಗಿರುವಂತೆಯೇ ರಿಪೇರಿ ಮಾಡಬೇಕೇ ಎಂಬುದು ನನ್ನ ಎರಡನೆಯ ಪ್ರಶ್ನೆ.

ದುರಸ್ತಿಯಲ್ಲಿ ಪಳಗಿದವರು

ನಮಸ್ಕಾರ. ಮೊದಲನೆಯದಾಗಿ, ಪ್ಲೇಟು ಕೆಂಪಾಗುವ ಸೆಟ್ಟನ್ನು ದಯವಿಟ್ಟು ಇನ್ನು ಚಾಲನೆ ಮಾಡಬೇಡಿ. ಆ ಸ್ಥಿತಿಯಲ್ಲಿ ವಾಲ್ವಿನ ಜತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯೂ ಸುಡುತ್ತದೆ. ವಾಲ್ವನ್ನು ಬದಲಾಯಿಸಬಹುದು, ಆ ಕಾಲದ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದರ ಜತೆಗೆ ಸೆಟ್ಟಿನ ಗುರುತಿನ ಒಂದು ಸಾಕ್ಷಿಯೂ ಹೋಗುತ್ತದೆ.

ಎರಡನೆಯದಾಗಿ, ಯಾವ ತಂತಿಯನ್ನೂ ಬಿಚ್ಚುವ ಮೊದಲು ಚಾಸಿಯ ಕೆಳಭಾಗವನ್ನು ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ, ಹಲವು ಕೋನಗಳಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಮಾರ್ಪಾಡಾದ ಸೆಟ್ಟಿನಲ್ಲಿ ಹಿಂದಿನವರು ತೆಗೆದುಹಾಕಿದ ಭಾಗಗಳಿಗಿಂತ ಅವರು ಕತ್ತರಿಸಿ ಮಡಚಿಟ್ಟ ತಂತಿಗಳು, ಖಾಲಿ ಬಿಟ್ಟ ಬೆಸುಗೆಯ ಕಾಲುಗಳು ಮತ್ತು ಬಳಸದ ರಂಧ್ರಗಳೇ ಹೆಚ್ಚು ವಿಷಯ ತಿಳಿಸುತ್ತವೆ. ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ಅವನ್ನು ಕಿತ್ತುಹಾಕಿದರೆ ಮತ್ತೆ ಸಿಗುವುದಿಲ್ಲ.

ತಾವು ಕೊಟ್ಟ ವಿವರದಿಂದಲೇ ಒಂದಿಷ್ಟು ಹೇಳಬಹುದು. ಎಂಟು ಪಿನ್ನಿನ ಆಕ್ಟಲ್ ಬುಡ ಬಂದದ್ದು 1935ರಲ್ಲಿ. ತಲೆಯ ಮೇಲೆ ಟೋಪಿಯಿಲ್ಲದ, ಎಲ್ಲ ಸಂಪರ್ಕಗಳೂ ಬುಡದಲ್ಲಿಯೇ ಇರುವ 6ಎಸ್‌ಎ7, 6ಎಸ್‌ಕೆ7 ಸರಣಿ 1930ರ ದಶಕದ ಕೊನೆಯಲ್ಲಿ ಬಂದಿತು. ಆದ್ದರಿಂದ ಸೆಟ್ಟು ಅದಕ್ಕಿಂತ ಹಳೆಯದಲ್ಲ. ಇಎಲ್84 ಬಂದದ್ದು 1953ರ ಸುಮಾರಿಗೆ. 1ಎನ್4007 ಅದಕ್ಕೂ ನಂತರದ್ದು, 1960ರ ದಶಕದ್ದು. ಅಂದರೆ ಮಾರ್ಪಾಡು ಒಂದೇ ಸಲ ಆಗಿದ್ದರೆ ಅದು 1960ರ ದಶಕಕ್ಕಿಂತ ಹಿಂದೆ ಆಗಿರಲಾರದು. ಎರಡು ಬೇರೆ ಕೈಗಳು ಎರಡು ಬೇರೆ ಕಾಲದಲ್ಲಿ ಮಾಡಿರಲೂಬಹುದು. ಬೆಸುಗೆಯ ಬಣ್ಣ, ತಂತಿಯ ಹೊದಿಕೆ ಎರಡನ್ನೂ ಹೋಲಿಸಿ ನೋಡಿ: ಕಾರ್ಖಾನೆಯ ತಂತಿಗೆ ಬಟ್ಟೆಯ ಅಥವಾ ರಬ್ಬರಿನ ಹೊದಿಕೆ ಇರುತ್ತದೆ, ನಂತರದವರ ತಂತಿ ಪಿವಿಸಿ ಆಗಿರುತ್ತದೆ.

ಈಗ ತಾವು ನೋಡಿ ಹೇಳಬೇಕಾದ ಮೂರು ಸಂಗತಿಗಳಿವೆ. ಮೇನ್ಸ್ ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿಗಳ ಬಣ್ಣವೇನು? ಧ್ವನಿವರ್ಧಕಕ್ಕೆ ಹೋಗುವ ಸಾಕೆಟ್ಟಿನಲ್ಲಿ ಎಷ್ಟು ಪಿನ್ನುಗಳಿವೆ? ವಾಲ್ಯೂಮ್ ಕಂಟ್ರೋಲಿನ ಬೆನ್ನಿನ ಮೇಲೆ ಯಾವುದಾದರೂ ಅಂಕಿ ಒತ್ತಿದೆಯೇ?

ರೇಡಿಯೊ ತಂದವರು

ಟ್ರಾನ್ಸ್‌ಫಾರ್ಮರಿನಿಂದ ಎರಡು ಕಪ್ಪು, ಎರಡು ಕೆಂಪು, ಕೆಂಪು-ಹಳದಿ ಗೆರೆಯ ಒಂದು ಮತ್ತು ಎರಡು ಹಸಿರು ತಂತಿಗಳು ಹೊರಟಿವೆ. ಇವಲ್ಲದೆ ಎರಡು ಹಳದಿ ತಂತಿಗಳನ್ನು ಕತ್ತರಿಸಿ, ತುದಿಗೆ ಬಟ್ಟೆಯ ಟೇಪು ಸುತ್ತಿ, ಮೂಲೆಯಲ್ಲಿ ಮಡಚಿ ಇಟ್ಟಿದ್ದಾರೆ. ಧ್ವನಿವರ್ಧಕದ ಸಾಕೆಟ್ಟಿಗೆ ನಾಲ್ಕು ಪಿನ್ನುಗಳಿವೆ. ಎರಡರಿಂದ ತಂತಿ ಧ್ವನಿವರ್ಧಕಕ್ಕೆ ಹೋಗುತ್ತದೆ, ಉಳಿದೆರಡರ ನಡುವೆ 470 ಓಮಿನ ದಪ್ಪನೆಯ ವೈರ್‌ವೌಂಡ್ ರೆಸಿಸ್ಟರ್ ಬೆಸೆದಿದ್ದಾರೆ. ಧ್ವನಿವರ್ಧಕ ಕಾಯಂ ಆಯಸ್ಕಾಂತದ್ದು, ನೋಡಲು ಸಾಕಷ್ಟು ಹೊಸದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾತ್ರ ಚಾಸಿಗೇ ರಿವೆಟ್ ಹಾಕಿ ಕೂರಿಸಿದ್ದಾಗಿದೆ. ವಾಲ್ಯೂಮ್ ಕಂಟ್ರೋಲಿನ ಮೇಲೆ 137823 ಎಂಬ ಅಂಕಿಯಿದೆ.

ದುರಸ್ತಿಯಲ್ಲಿ ಪಳಗಿದವರು

ತಾವು ಬರೆದದ್ದರಲ್ಲಿ ಅರ್ಧ ಸರ್ಕ್ಯೂಟೇ ಇದೆ.

ಈ ಬಣ್ಣಗಳು ಅಮೆರಿಕದ ತಯಾರಕರು ಒಪ್ಪಿಕೊಂಡಿದ್ದ ಪದ್ಧತಿಯವು. ಕಪ್ಪು ಮೇನ್ಸಿಗೆ, ಕೆಂಪು ಎಚ್‌ಟಿಗೆ (ವಾಲ್ವುಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜು), ಕೆಂಪು-ಹಳದಿ ಎಚ್‌ಟಿಯ ನಡುತುದಿಗೆ, ಹಸಿರು 6.3 ವೋಲ್ಟಿನ ಹೀಟರಿಗೆ, ಹಳದಿ ರೆಕ್ಟಿಫೈಯರ್ ವಾಲ್ವಿನ (ಎಸಿಯನ್ನು ಡಿಸಿಯಾಗಿಸುವಂಥದು) ಫಿಲಮೆಂಟಿಗೆ. ಪ್ರತ್ಯೇಕ ಹಳದಿ ಸುರುಳಿ ಇದೆ ಎಂದಮೇಲೆ ಆ ಖಾಲಿ ಸಾಕೆಟ್ಟಿನಲ್ಲಿ 5 ವೋಲ್ಟಿನ ವಾಲ್ವು ಇದ್ದಿರಬೇಕು. 6.3 ವೋಲ್ಟಿನ 6ಎಕ್ಸ್5 ಆಗಿದ್ದರೆ ಬೇರೆ ಸುರುಳಿಯ ಅಗತ್ಯವಿರಲಿಲ್ಲ. ಖಾಲಿ ಸಾಕೆಟ್ಟಿನ ಕಾಲುಗಳನ್ನು ನೋಡಿ: ಕೆಂಪು ತಂತಿಗಳ ಹಳೆಯ ಬೆಸುಗೆ 4 ಮತ್ತು 6ರಲ್ಲಿ, ಕತ್ತರಿಸಿದ ಹಳದಿ ತುಂಡುಗಳು 2 ಮತ್ತು 8ರಲ್ಲಿ ಉಳಿದಿದ್ದರೆ ಅದು 5ವೈ3 ರೆಕ್ಟಿಫೈಯರಿನ ಜಾಗವಾಗಿರುವ ಸಾಧ್ಯತೆಯೇ ಹೆಚ್ಚು.

ನಾಲ್ಕು ಪಿನ್ನಿನ ಸಾಕೆಟ್ಟು ಇನ್ನೂ ಸ್ಪಷ್ಟವಾದ ಸಾಕ್ಷಿ. ಮೂಲ ಧ್ವನಿವರ್ಧಕದಲ್ಲಿ ಕಾಯಂ ಆಯಸ್ಕಾಂತವಿರಲಿಲ್ಲ. ಅದರ ಬದಲು ಫೀಲ್ಡ್ ಕಾಯಿಲ್ ಎಂಬ ದೊಡ್ಡ ಸುರುಳಿ ಇತ್ತು. ಸೆಟ್ಟಿನ ಇಡೀ ಎಚ್‌ಟಿ ಪ್ರವಾಹ ಆ ಸುರುಳಿಯ ಮೂಲಕ ಹರಿಯುತ್ತಿತ್ತು. ಹೀಗೆ ಒಂದೇ ಸುರುಳಿ ಧ್ವನಿವರ್ಧಕಕ್ಕೆ ಆಯಸ್ಕಾಂತವಾಗಿಯೂ, ಎಚ್‌ಟಿಯ ಏರಿಳಿತವನ್ನು ಅಡಗಿಸುವ ಚೋಕ್ ಆಗಿಯೂ ಕೆಲಸ ಮಾಡುತ್ತಿತ್ತು. ಅದರ ರೋಧ ಸಾಮಾನ್ಯವಾಗಿ 1000 ಓಮಿನ ಆಸುಪಾಸಿನಲ್ಲೋ ಅದಕ್ಕಿಂತ ಹೆಚ್ಚೋ ಇರುತ್ತಿತ್ತು. ಹೊಸ ಧ್ವನಿವರ್ಧಕ ಹಾಕಿದವರು ಆ ಜಾಗಕ್ಕೆ 470 ಓಮಿನ ರೆಸಿಸ್ಟರ್ ಹಾಕಿ ಕೈತೊಳೆದುಕೊಂಡಿದ್ದಾರೆ. ತಮ್ಮ ಗುಂಯ್ ಸದ್ದಿನ ಒಂದು ಕಾರಣ ಇಲ್ಲಿಯೇ ಇದೆ, ಏಕೆಂದರೆ ರೆಸಿಸ್ಟರಿಗೆ ಸುರುಳಿಯಂತೆ ಏರಿಳಿತವನ್ನು ತಡೆಯುವ ಗುಣವಿಲ್ಲ.

ಇನ್ನು 137823. ಅಮೆರಿಕದ ಬಿಡಿಭಾಗಗಳ ಮೇಲಿನ ಇಂಥ ಸಂಖ್ಯೆಯ ಮೊದಲ ಮೂರು ಅಂಕಿ ತಯಾರಕರದು. 137 ಎಂದರೆ ಸಿಟಿಎಸ್ ಎಂಬ ಕಂಪನಿ. ಮುಂದಿನ 8 ವರ್ಷದ ಕೊನೆಯ ಅಂಕಿ, 23 ಎಂಬುದು ವಾರ. ಅಂದರೆ 1938, 1948 ಅಥವಾ 1958ರ ಜೂನ್ ತಿಂಗಳು. 1938ಕ್ಕೆ ಈ ವಾಲ್ವುಗಳ ಸರಣಿ ಆಗಷ್ಟೇ ಕಾಲಿಡುತ್ತಿತ್ತು. 1958ರ ಹೊತ್ತಿಗೆ ಫೀಲ್ಡ್ ಕಾಯಿಲ್ ಧ್ವನಿವರ್ಧಕಗಳು ಮಾಯವಾಗಿದ್ದವು. ಕಂಟ್ರೋಲಿನ ಬೆಸುಗೆಯನ್ನು ಯಾರೂ ಮುಟ್ಟಿಲ್ಲವೆಂದಾದರೆ 1948 ಎನ್ನುವುದೇ ಹೊಂದುತ್ತದೆ. ಇದು ಆ ಬಿಡಿಭಾಗ ತಯಾರಾದ ಕಾಲ. ಸೆಟ್ಟು ಅದಕ್ಕಿಂತ ಸ್ವಲ್ಪ ನಂತರದ್ದು.

ಹಳೆಯ ಸೆಟ್ಟುಗಳ ಸಂಗ್ರಹಕಾರರು

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಬಿಡಿಭಾಗ ಅಮೆರಿಕದ್ದಾದ ಮಾತ್ರಕ್ಕೆ ಸೆಟ್ಟನ್ನು ಅಲ್ಲಿಯೇ ಜೋಡಿಸಿದ್ದಾರೆಂದು ಹೇಳಲಾಗದು. ಬಿಡಿಭಾಗಗಳನ್ನು ತರಿಸಿಕೊಂಡು ಬೇರೆ ಕಡೆ ಜೋಡಿಸುವುದು ಆಗ ಸಾಮಾನ್ಯವಾಗಿತ್ತು. ಚಾಸಿಯ ಹಿಂಬದಿಯ ಅಂಚಿನಲ್ಲಿ ಏರಿಯಲ್ ತಂತಿ ಸಿಕ್ಕಿಸುವ ಟರ್ಮಿನಲ್‌ಗಳ ಬಳಿ, ತುಕ್ಕು ಅಥವಾ ಬಣ್ಣದ ಕೆಳಗೆ ಒತ್ತಿದ ಸಂಖ್ಯೆ ಇದೆಯೇ ಎಂದು ಓರೆಬೆಳಕಿನಲ್ಲಿ ನೋಡಿ. ತಯಾರಕರನ್ನು ಗುರುತಿಸಲು ವಾಲ್ವುಗಳ ಪಟ್ಟಿಗಿಂತ ಚಾಸಿಯಲ್ಲಿ ರಂಧ್ರಗಳ ವಿನ್ಯಾಸ, ಐಎಫ್ (ರೇಡಿಯೊದೊಳಗಿನ ಮಧ್ಯಂತರ ಆವರ್ತ) ಟ್ರಾನ್ಸ್‌ಫಾರ್ಮರ್ ಡಬ್ಬಿಗಳ ಆಕಾರ ಮತ್ತು ಡಯಲ್ ದಾರ ಸುತ್ತಿಬರುವ ದಾರಿ ಹೆಚ್ಚು ಉಪಯುಕ್ತ. ಇದೇ ಐದು ವಾಲ್ವುಗಳನ್ನು ಬಳಸಿದವರು ಲೆಕ್ಕವಿಲ್ಲದಷ್ಟು ಜನ. ಚಾಸಿಗೆ ರಂಧ್ರ ಒತ್ತುವ ಅಚ್ಚು ಮಾತ್ರ ಪ್ರತಿಯೊಬ್ಬರದೂ ಬೇರೆ.

ಇಷ್ಟಾದರೂ ಹೆಸರು ಸಿಗದೆ ಹೋದರೆ ಪೆಟ್ಟಿಗೆಗೆ ಚೆನ್ನಾಗಿ ಕಾಣುತ್ತದೆಂದು ಯಾವುದೋ ಕಂಪನಿಯ ಫಲಕವನ್ನು ತಂದು ಅಂಟಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹೆಸರಿಲ್ಲದ ಸೆಟ್ಟು ಪ್ರಾಮಾಣಿಕವಾದದ್ದು; ಸುಳ್ಳು ಹೆಸರಿನ ಸೆಟ್ಟು ಮುಂದೆ ಅದನ್ನು ಪರಿಶೀಲಿಸುವ ಪ್ರತಿಯೊಬ್ಬರ ದಾರಿ ತಪ್ಪಿಸುತ್ತದೆ.

ಡಯಲ್ ಗಾಜಿನ ಹಿಂಬದಿಯನ್ನು ಯಾವ ಕಾರಣಕ್ಕೂ ಒರೆಸಬೇಡಿ. ಅಕ್ಷರಗಳು ಆ ಬದಿಯಲ್ಲಿವೆ. ಒದ್ದೆ ಬಟ್ಟೆ ತಾಗಿದರೂ ಸಿಪ್ಪೆಯಂತೆ ಎದ್ದುಬರುವುದುಂಟು.

ಆಂಪ್ಲಿಫೈಯರ್ ಕಟ್ಟುವವರು

ಔಟ್‌ಪುಟ್ ವಾಲ್ವು ಮೂಲದಲ್ಲಿ ಯಾವುದಿತ್ತು ಎಂಬುದನ್ನು ಟ್ರಾನ್ಸ್‌ಫಾರ್ಮರಿನಿಂದ ಕಂಡುಹಿಡಿಯಬಹುದು, ಅದು ರಿವೆಟ್ ಹಾಕಿದ ಮೂಲ ಭಾಗವೇ ಆಗಿರುವುದು ಅದೃಷ್ಟ. ಸೆಟ್ಟನ್ನು ಪೂರ್ತಿ ಆರಿಸಿ, ಮೇನ್ಸಿನ ಪ್ಲಗ್ ಕಿತ್ತು, ಕೆಪಾಸಿಟರುಗಳನ್ನು ಡಿಸ್ಚಾರ್ಜ್ ಮಾಡಿ, ಪ್ರೈಮರಿಯ (ವಾಲ್ವಿನ ಕಡೆಯ ಸುರುಳಿ) ಎರಡೂ ತುದಿಗಳನ್ನು ಸರ್ಕ್ಯೂಟಿನಿಂದ ಬಿಡಿಸಿ. ಧ್ವನಿವರ್ಧಕವನ್ನೂ ಬೇರ್ಪಡಿಸಿ. ಆಮೇಲೆ ಸಣ್ಣ ಟ್ರಾನ್ಸ್‌ಫಾರ್ಮರೊಂದರಿಂದ 10 ವೋಲ್ಟ್ ಎಸಿಯನ್ನು ಪ್ರೈಮರಿಗೆ ಕೊಟ್ಟು ಸೆಕೆಂಡರಿಯಲ್ಲಿ (ಧ್ವನಿವರ್ಧಕದ ಕಡೆಯ ಸುರುಳಿ) ಅಳೆಯಿರಿ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ: ಸೆಕೆಂಡರಿಗೆ 10 ವೋಲ್ಟ್ ಕೊಟ್ಟರೆ ಪ್ರೈಮರಿಯಲ್ಲಿ ನೂರಾರು ವೋಲ್ಟ್ ಎದ್ದುನಿಲ್ಲುತ್ತದೆ.

ಎರಡರ ಅನುಪಾತವನ್ನು ವರ್ಗಮಾಡಿ, ವಾಯ್ಸ್ ಕಾಯಿಲಿನ (ಧ್ವನಿವರ್ಧಕದ ಒಳಸುರುಳಿ) ಇಂಪೀಡೆನ್ಸಿನಿಂದ (ಎಸಿಗೆ ಒಡ್ಡುವ ತಡೆ) ಗುಣಿಸಿದರೆ ವಾಲ್ವಿಗೆ ಕಾಣುವ ಲೋಡ್ ಸಿಗುತ್ತದೆ. ಆ ಕಾಲದ ಧ್ವನಿವರ್ಧಕಗಳು ಬಹುಮಟ್ಟಿಗೆ 3.2 ಓಮಿನವು. 6ವಿ6 ಎಂಬ ಔಟ್‌ಪುಟ್ ವಾಲ್ವಿಗೆ 5000 ಓಮ್ ಬೇಕು. ಅದೇ ಪಿನ್ನುಗಳಿಗೆ ಹೊಂದುವ ಯುರೋಪಿನ ಇಎಲ್33ಕ್ಕಾದರೆ 7000 ಓಮ್ ಬೇಕು.

ಜತೆಗೆ ಮೇನ್ಸ್ ತಂತಿಗೆ ಒಂದು ಬಲ್ಬನ್ನು ಸರಣಿಯಲ್ಲಿ ಹಾಕಿ, ಪ್ಲೇಟು ಕೆಂಪಾಗುವುದಕ್ಕೆ ಮುಂಚೆ ಆರಿಸುವಂತೆ ಸ್ವಲ್ಪ ಹೊತ್ತು ಮಾತ್ರ ಚಾಲನೆ ಮಾಡಿ ವೋಲ್ಟೇಜುಗಳನ್ನು ಅಳೆಯಲಾದರೆ ಕಾರಣ ಊಹಿಸುವ ಅಗತ್ಯವೇ ಬೀಳುವುದಿಲ್ಲ. ಬಲ್ಬ್ ಪ್ರಖರವಾಗಿ ಉರಿಯದೆ ಮಂಕಾಗಿದ್ದರೆ ನೇರವಾಗಿ ಕೊಟ್ಟು ಅಳತೆ ಪಡೆಯಿರಿ. ಒಂದು ಕೈ ಹಿಂದೆ ಇರಲಿ. ಮೀಟರಿನ ಕಪ್ಪು ತಂತಿಯನ್ನು ಮೊದಲೇ ಚಾಸಿಗೆ ಕ್ಲಿಪ್ಪಿನಿಂದ ಹಿಡಿಸಿಬಿಡಿ.

ರೇಡಿಯೊ ತಂದವರು

ಪ್ರೈಮರಿಗೆ 10 ವೋಲ್ಟ್ ಕೊಟ್ಟಾಗ ಸೆಕೆಂಡರಿಯಲ್ಲಿ 0.25 ವೋಲ್ಟ್ ಬಂದಿದೆ. ಅನುಪಾತ 40, ಅದರ ವರ್ಗ 1600, 3.2ರಿಂದ ಗುಣಿಸಿದರೆ 5120 ಓಮ್. ಹಾಗಾದರೆ 6ವಿ6 ಎಂದು ತಿಳಿಯುತ್ತೇನೆ.

ಖಾಲಿ ಸಾಕೆಟ್ಟಿನ 2 ಮತ್ತು 8ನೆಯ ಕಾಲುಗಳಲ್ಲಿ ಹಳದಿ ಹೊದಿಕೆಯ ಚಿಕ್ಕ ತುಂಡುಗಳು ಹಾಗೆಯೇ ಇವೆ.

ಅಳತೆಗಳು ಹೀಗಿವೆ. ಎಚ್‌ಟಿ ಸುರುಳಿ ನಡುತುದಿಯಿಂದ ಎರಡೂ ಕಡೆ 270 ವೋಲ್ಟ್ ಎಸಿ. ಮೊದಲ ಫಿಲ್ಟರ್ ಕೆಪಾಸಿಟರಿನಲ್ಲಿ 355 ವೋಲ್ಟ್, ಎರಡನೆಯದರಲ್ಲಿ 309. ಇಎಲ್84ರ ಪ್ಲೇಟಿನಲ್ಲಿ 300, ಕ್ಯಾಥೋಡಿನಲ್ಲಿ (ಎಲೆಕ್ಟ್ರಾನುಗಳನ್ನು ಹೊರಸೂಸುವ ಭಾಗ) 11.5 ವೋಲ್ಟ್. ಕ್ಯಾಥೋಡ್ ರೆಸಿಸ್ಟರ್ 150 ಓಮ್. ಬಿಡಿಸಿ ಅಳೆದಾಗಲೂ ಅಷ್ಟೇ ಬಂತು. ಫಿಲ್ಟರ್ ಕೆಪಾಸಿಟರುಗಳೆರಡೂ 100 ಮೈಕ್ರೋಫ್ಯಾರಡ್, 350 ವೋಲ್ಟಿನವು.

ಆಂಪ್ಲಿಫೈಯರ್ ಕಟ್ಟುವವರು

11.5 ವೋಲ್ಟನ್ನು 150 ಓಮಿನಿಂದ ಭಾಗಿಸಿದರೆ ಸುಮಾರು 77 ಮಿಲಿಆಂಪಿಯರ್. ಅದರಲ್ಲಿ ಸ್ಕ್ರೀನಿನ ಪಾಲು 7 ಎಂದು ಕಳೆದರೆ ಪ್ಲೇಟಿಗೆ 70. ಪ್ಲೇಟು ಮತ್ತು ಕ್ಯಾಥೋಡಿನ ನಡುವೆ 288 ವೋಲ್ಟ್ ಇರುವುದರಿಂದ ಪ್ಲೇಟಿನಲ್ಲಿ 20 ವಾಟ್ ಶಾಖವಾಗುತ್ತಿದೆ. ಇಎಲ್84 ತಡೆಯಬಲ್ಲದ್ದು 12 ವಾಟ್. ಕೆಂಪಾಗದೆ ಇನ್ನೇನಾದೀತು!

ಇದಕ್ಕೆ ಮೂರು ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಿವೆ. 5ವೈ3 ತನ್ನೊಳಗೇ ಹತ್ತಿರ ಹತ್ತಿರ 50 ವೋಲ್ಟನ್ನು ಇಳಿಸುತ್ತಿತ್ತು. ಸಿಲಿಕಾನ್ ಡಯೋಡಿನಲ್ಲಿ ಇಳಿಯುವುದು ಒಂದು ವೋಲ್ಟಿನಷ್ಟು ಮಾತ್ರ. ಫೀಲ್ಡ್ ಕಾಯಿಲ್ ಇನ್ನೊಂದಿಷ್ಟು ಇಳಿಸುತ್ತಿತ್ತು. 470 ಓಮ್ ಅದರ ಅರ್ಧದಷ್ಟೂ ಇಳಿಸುವುದಿಲ್ಲ. ಹೀಗೆ 240 ವೋಲ್ಟ್ ಇರಬೇಕಾದಲ್ಲಿ 309 ಬಂದು ಕುಳಿತಿದೆ. ಮೂರನೆಯ ಕಾರಣ 6ಎಸ್‌ಕ್ಯೂ7ರ ಪ್ಲೇಟಿನಿಂದ ಇಎಲ್84ರ ಗ್ರಿಡ್ಡಿಗೆ (ಪ್ರವಾಹವನ್ನು ನಿಯಂತ್ರಿಸುವ ಜಾಲರಿ) ಬರುವ, ಧ್ವನಿಯನ್ನಷ್ಟೇ ದಾಟಿಸಿ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಎಂಬುದು ನನ್ನ ಬಲವಾದ ಅನುಮಾನ. ಅದು ಮೇಣ ಹಾಕಿದ ಕಾಗದದ್ದಾಗಿದ್ದರೆ ಸೋರುತ್ತಿರಲೇಬೇಕು. ಬಿಸಿಯಾದಂತೆ ಧ್ವನಿ ಕೆಡುವುದಕ್ಕೂ ಅದೇ ಕಾರಣ, ಶಾಖಕ್ಕೆ ಸೋರಿಕೆ ಹೆಚ್ಚುತ್ತದೆ.

ಮಲ್ಟಿಮೀಟರಿನ ಓಮ್ಸ್‌ನಲ್ಲಿ ಅಳೆದರೆ ಈ ದೋಷ ಕಾಣಿಸದೆ ಹೋಗಬಹುದು, ಏಕೆಂದರೆ ಮೀಟರ್ ಕೊಡುವುದು ಒಂದೆರಡು ವೋಲ್ಟ್ ಮಾತ್ರ. ಗ್ರಿಡ್ಡಿನ ಕಡೆಯ ತುದಿಯನ್ನಷ್ಟೇ ಬಿಡಿಸಿ, ಆ ತುದಿ ಮತ್ತು ಚಾಸಿಯ ನಡುವೆ ಡಿಜಿಟಲ್ ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು, ಸೆಟ್ಟು ಬಿಸಿಯಾಗುವಷ್ಟು ಹೊತ್ತು ನೋಡಿ. ಒಳ್ಳೆಯ ಕೆಪಾಸಿಟರಾದರೆ ಮೊದಲು ಒಮ್ಮೆ ಜಿಗಿದು ಶೂನ್ಯದ ಹತ್ತಿರಕ್ಕೆ ಇಳಿದು ನಿಲ್ಲಬೇಕು. ಈ ಪರೀಕ್ಷೆಗಾಗಿ ಇಎಲ್84 ಅನ್ನು ಕಿತ್ತು ಹೊರಗಿಡಬೇಡಿ. ಲೋಡು ಹೋದರೆ ಮೊದಲ ಕೆಪಾಸಿಟರಿನ ವೋಲ್ಟೇಜು 382ರತ್ತ ಏರುತ್ತದೆ. ಅದರ ಮೇಲೆ ಬರೆದಿರುವುದು 350, ಈಗಾಗಲೇ ಅದು ತನ್ನ ಮಿತಿಯನ್ನು ದಾಟಿ ನಿಂತಿದೆ.

ರೇಡಿಯೊ ತಂದವರು

ತಾವು ಹೇಳಿದಂತೆಯೇ ಮಾಡಿದೆ. ಮೀಟರಿನ ಅಂಕಿ ಇಳಿಯುವ ಬದಲು ಮೆಲ್ಲಗೆ ಏರುತ್ತಾ ಹೋಗಿ 43 ವೋಲ್ಟಿನಲ್ಲಿ ನಿಂತಿತು. ಆಗ 6ಎಸ್‌ಕ್ಯೂ7ರ ಪ್ಲೇಟಿನಲ್ಲಿ 130 ವೋಲ್ಟ್ ಇತ್ತು. ಕೆಪಾಸಿಟರಿನ ಮೈಮೇಲಿನ ಮೇಣ ಒಂದು ಬದಿಯಲ್ಲಿ ಕರಗಿ ಪಕ್ಕದ ಟ್ಯಾಗಿನ ಮೇಲೆ ಹನಿಗಟ್ಟಿದೆ. ತುದಿಯ ತಂತಿ ಬುಡದಲ್ಲಿ ಅಲುಗಾಡುತ್ತದೆ. ಇದು ಮೂಲ ಭಾಗವೇ ಇರಬೇಕು, ಬೆಸುಗೆಯನ್ನು ಯಾರೂ ಮುಟ್ಟಿದಂತಿಲ್ಲ.

ಆಂಪ್ಲಿಫೈಯರ್ ಕಟ್ಟುವವರು

ತಮ್ಮ ಮೀಟರಿನ ಒಳರೋಧ ಸಾಮಾನ್ಯವಾದ 10 ಮೆಗಓಮ್ ಎಂದು ಹಿಡಿದರೆ, 130ರಲ್ಲಿ 43 ಮೀಟರಿನಲ್ಲಿ ಬಿದ್ದು ಉಳಿದ 87 ಕೆಪಾಸಿಟರಿನಲ್ಲಿ ಬಿದ್ದಿದೆ. ಅಂದರೆ ಸೋರಿಕೆಯ ರೋಧ ಸುಮಾರು 20 ಮೆಗಓಮ್. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಗ್ರಿಡ್ಡಿನ 470 ಕಿಲೋಓಮಿನ ಜತೆ ಅದು ಹಂಚಿಕೊಂಡಾಗ ಗ್ರಿಡ್ಡಿನ ಮೇಲೆ 3 ವೋಲ್ಟ್ ಧನವಾಗಿ ನಿಲ್ಲುತ್ತದೆ. 7 ವೋಲ್ಟ್ ಋಣ ಬಯಾಸಿನಲ್ಲಿ (ಗ್ರಿಡ್ಡಿನ ಸ್ಥಿರ ವೋಲ್ಟೇಜು) ಕೆಲಸ ಮಾಡಬೇಕಾದ ವಾಲ್ವಿಗೆ 3 ವೋಲ್ಟ್ ಸಣ್ಣದಲ್ಲ. 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಉಳಿದ ಕಾಗದದ ಕೆಪಾಸಿಟರುಗಳನ್ನೂ ಪರೀಕ್ಷೆಗೆ ಕಾಯದೆ ಬದಲಾಯಿಸಿ. ಮೈಕಾ ಕೆಪಾಸಿಟರುಗಳನ್ನು ಕಾರಣವಿಲ್ಲದೆ ಮುಟ್ಟಬೇಡಿ, ಅವುಗಳಲ್ಲಿ ಹೆಚ್ಚಿನವು ಇಂದಿಗೂ ಸರಿಯಾಗಿಯೇ ಇರುತ್ತವೆ.

ಈಗ ತಮ್ಮ ಎರಡನೆಯ ಪ್ರಶ್ನೆಯ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಇಎಲ್84 ಇಲ್ಲಿ ಅಪರಾಧಿಯಲ್ಲ. ಎಚ್‌ಟಿಯನ್ನು 240ಕ್ಕೆ ಇಳಿಸಿ, ಸೋರುವ ಕೆಪಾಸಿಟರನ್ನು ತೆಗೆದರೆ ಅದೇ 150 ಓಮಿನ ಕ್ಯಾಥೋಡ್ ರೆಸಿಸ್ಟರಿನಲ್ಲಿ ಅದು ಮಿತಿಯೊಳಗೆ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ಲೋಡ್ 5200 ಓಮ್, ತಮ್ಮಲ್ಲಿರುವುದು 5120. ಹಿಂದಿನವರು ಯೋಚಿಸಿಯೇ ಆ ವಾಲ್ವನ್ನು ಆರಿಸಿದ್ದಾರೆ. ಆ ಮಾರ್ಪಾಡಿಗೂ ಈಗ ವಯಸ್ಸಾಗಿದೆ. ಅದನ್ನು ಸೆಟ್ಟಿನ ಇತಿಹಾಸದ ಭಾಗವೆಂದು ಏಕೆ ಉಳಿಸಿಕೊಳ್ಳಬಾರದು?

ಹಳೆಯ ಸೆಟ್ಟುಗಳ ಸಂಗ್ರಹಕಾರರು

ತಮ್ಮ ವಾದವನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಇತಿಹಾಸವೆಂದು ಎಲ್ಲವನ್ನೂ ಉಳಿಸುವುದಾದರೆ ಸೋರುವ ಕೆಪಾಸಿಟರನ್ನೂ ಉಳಿಸಬೇಕಾಗುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಮಾರ್ಪಾಡನ್ನು ಹಿಂದಕ್ಕೆ ತೆಗೆಯಲು ಮೂಲ ಭಾಗಕ್ಕೆ ಹೊಸದಾಗಿ ಏನಾದರೂ ಹಾನಿ ಮಾಡಬೇಕಾಗುತ್ತದೆಯೇ? ಇಲ್ಲಿ ತಗಡಿನ ಬಿಲ್ಲೆ ಆಕ್ಟಲ್ ಸಾಕೆಟ್ಟಿನ ಹಳೆಯ ರಿವೆಟ್ ರಂಧ್ರಗಳನ್ನೇ ಬಳಸಿ ಕುಳಿತಿದೆಯಾದರೆ ಅದನ್ನು ತೆಗೆದು ಆಕ್ಟಲ್ ಸಾಕೆಟ್ ಕೂರಿಸಲು ಒಂದು ಹೊಸ ರಂಧ್ರವನ್ನೂ ಕೊರೆಯಬೇಕಿಲ್ಲ. 6ವಿ6 ಇಂದಿಗೂ ಹೊಸದಾಗಿ ತಯಾರಾಗುತ್ತಿರುವ ವಾಲ್ವು. ಹಾಗಿರುವಾಗ ಮೂಲಕ್ಕೆ ಮರಳದಿರಲು ಕಾರಣವೇ ಉಳಿಯುವುದಿಲ್ಲ. ತೆಗೆದ ಬಿಲ್ಲೆ, ಸಾಕೆಟ್, ಡಯೋಡುಗಳನ್ನು ಒಂದು ಚೀಟಿಯೊಂದಿಗೆ ಪೆಟ್ಟಿಗೆಯೊಳಗೇ ಇಡಬಹುದು. ಇತಿಹಾಸ ಅದರಿಂದಲೂ ಉಳಿಯುತ್ತದೆ.

ಪಕ್ಕದ ಪಿಕಪ್ ಸಾಕೆಟ್ಟಿನ ವಿಷಯದಲ್ಲಿ ಇದೇ ಪ್ರಶ್ನೆಗೆ ಉತ್ತರ ತಿರುಗುತ್ತದೆ. ಮರಕ್ಕೆ ರಂಧ್ರ ಬಿದ್ದಾಗಿದೆ. ಅದನ್ನು ಮುಚ್ಚಲು ಹೋದರೆ ಹೊಸ ಮರ, ಹೊಸ ಬಣ್ಣ, ಮತ್ತೊಂದು ಗಾಯ. ಅದು ಇದ್ದಲ್ಲಿಯೇ ಇರಲಿ.

ದುರಸ್ತಿಯಲ್ಲಿ ಪಳಗಿದವರು

ನಾನೂ ಇದೇ ಅಭಿಪ್ರಾಯದವನು. ಪ್ರತಿ ಮಾರ್ಪಾಡನ್ನೂ ಅದರದರ ಯೋಗ್ಯತೆಯ ಮೇಲೆ ತೂಗಬೇಕು, ಎಲ್ಲಕ್ಕೂ ಒಂದೇ ತೀರ್ಪು ಕೊಡಲಾಗದು. ಪಿಕಪ್ ಸಾಕೆಟ್ ಉಳಿಸಿಕೊಳ್ಳಬಹುದಾದದ್ದು ಈ ಸೆಟ್ಟಿಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಮಾತ್ರ. ಟ್ರಾನ್ಸ್‌ಫಾರ್ಮರಿಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಿ ಚಾಸಿಯೇ ಮೇನ್ಸಿಗೆ ಸೇರಿಕೊಂಡಿರುತ್ತದೆ. ಅಂಥದರಲ್ಲಿ ಹೀಗೆ ಹೊರಗೆ ತಂದ ಸಾಕೆಟ್ಟು ಜೀವ ತೆಗೆಯಬಲ್ಲದು, ಮರುಮಾತಿಲ್ಲದೆ ಕಿತ್ತುಹಾಕಬೇಕು. ತಮ್ಮದರಲ್ಲಿ ಮೇನ್ಸ್ ತಂತಿಯಿಂದ ಚಾಸಿಗೆ ಹಾಕಿರುವ ಹಳೆಯ ಕೆಪಾಸಿಟರ್ ಇದ್ದರೆ ಅದನ್ನು ತೆಗೆದು, ಬೇಕಿದ್ದರೆ ಆ ಕೆಲಸಕ್ಕೆಂದೇ ಪ್ರಮಾಣಿತವಾದ ವೈ ವರ್ಗದ್ದನ್ನು ಹಾಕಿ. ಬಿರುಕುಬಿಟ್ಟ ಮೇನ್ಸ್ ಕೇಬಲನ್ನು ಬದಲಾಯಿಸಿ, ಫ್ಯೂಸ್ ಸೇರಿಸಿ.

5ವೈ3 ಹಾಕುವ ಮುನ್ನ ಒಂದು ಕೆಲಸ ಕಡ್ಡಾಯ. ಮೊದಲ ಫಿಲ್ಟರ್ ಕೆಪಾಸಿಟರ್ 100 ಮೈಕ್ರೋಫ್ಯಾರಡ್ ಇದೆಯೆಂದಿದ್ದೀರಿ. ಸಿಲಿಕಾನ್ ಡಯೋಡು ಅದನ್ನು ತಡೆದುಕೊಳ್ಳುತ್ತದೆ, 5ವೈ3 ತಡೆಯದು. ಪ್ರತಿ ಅರ್ಧ ಆವರ್ತದಲ್ಲೂ ಅಷ್ಟು ದೊಡ್ಡ ಕೆಪಾಸಿಟರನ್ನು ತುಂಬಲು ಬೇಕಾಗುವ ಪ್ರವಾಹದ ಹೊಡೆತಕ್ಕೆ ಅದರ ಫಿಲಮೆಂಟು ಬೇಗ ಸವೆಯುತ್ತದೆ. 16ರಿಂದ 22 ಮೈಕ್ರೋಫ್ಯಾರಡ್, 450 ವೋಲ್ಟಿನದು ಸಾಕು. ಮೂಲ ಎಲೆಕ್ಟ್ರೋಲಿಟಿಕ್ ಡಬ್ಬಿ ಚಾಸಿಯ ಮೇಲೆ ಇದ್ದರೆ ಸಂಪರ್ಕ ಬಿಡಿಸಿ ನೋಟಕ್ಕೆ ಹಾಗೆಯೇ ಬಿಡಿ. ಹೊಸದನ್ನು ಕೆಳಗೆ ಕೂರಿಸಿ.

470ರ ಬದಲು 1000 ಓಮ್, 10 ವಾಟಿನ ರೆಸಿಸ್ಟರ್ ಹಾಕಿ. ಸುಮಾರು 70 ಮಿಲಿಆಂಪಿಯರಿಗೆ ಅದರಲ್ಲಿ 5 ವಾಟ್ ಶಾಖವಾಗುವುದರಿಂದ ಮೇಣದ ಸುರುಳಿಗಳಿಂದ ದೂರ, ಗಾಳಿಯಾಡುವ ಕಡೆ ಇರಲಿ. ಗುಂಯ್ ಸದ್ದು ಇನ್ನೂ ಉಳಿದರೆ ಎರಡನೆಯ ಕೆಪಾಸಿಟರನ್ನು 47ಕ್ಕೆ ಏರಿಸಬಹುದು, ರೆಕ್ಟಿಫೈಯರಿಗೆ ಅದರ ಹೊರೆ ಬೀಳುವುದಿಲ್ಲ. ಜಾಗವಿದ್ದರೆ 10 ಹೆನ್ರಿಯ ಚೋಕ್ ಮತ್ತು ಅದರ ರೋಧವನ್ನು ಕಳೆದು ಉಳಿದಷ್ಟು ರೆಸಿಸ್ಟರ್ ಸೇರಿಸುವುದು ಎಲ್ಲಕ್ಕಿಂತ ಉತ್ತಮ.

ಐಎಫ್ ಆವರ್ತ ಗೊತ್ತಾಗುವವರೆಗೆ ಐಎಫ್ ಡಬ್ಬಿಗಳ ಸ್ಕ್ರೂ ತಿರುಗಿಸಬೇಡಿ. ಅದನ್ನು ತಿಳಿಯಲು ಸಿಗ್ನಲ್ ಜನರೇಟರ್ ಇಲ್ಲದಿದ್ದರೂ ನಡೆಯುತ್ತದೆ. ಆವರ್ತ ಗೊತ್ತಿರುವ ನಿಲ್ದಾಣವೊಂದಕ್ಕೆ ಇದನ್ನು ಟ್ಯೂನ್ ಮಾಡಿ, ಪಕ್ಕದಲ್ಲಿ ಡಿಜಿಟಲ್ ಡಯಲಿನ ಇನ್ನೊಂದು ರೇಡಿಯೊ ಇಟ್ಟು, ಅದರಲ್ಲಿ ಈ ಸೆಟ್ಟಿನ ಆಸಿಲೇಟರ್ (ಸೆಟ್ಟು ತನ್ನೊಳಗೇ ಹುಟ್ಟಿಸುವ ತರಂಗ) ಎಲ್ಲಿ ಕೇಳಿಸುತ್ತದೆ ಎಂದು ಹುಡುಕಿ. ಎರಡು ಆವರ್ತಗಳ ವ್ಯತ್ಯಾಸವೇ ಐಎಫ್.

ರೇಡಿಯೊ ತಂದವರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬಿಲ್ಲೆ ಹಳೆಯ ರಿವೆಟ್ ರಂಧ್ರಗಳಲ್ಲಿಯೇ ಕುಳಿತಿತ್ತು. ಅದನ್ನು ತೆಗೆದು ಆಕ್ಟಲ್ ಸಾಕೆಟ್, 6ವಿ6 ಮತ್ತು 250 ಓಮಿನ ಕ್ಯಾಥೋಡ್ ರೆಸಿಸ್ಟರ್ ಹಾಕಿದ್ದೇನೆ. ಹಳದಿ ತಂತಿಗಳಿಗೆ ಹೊಸ ಹೊದಿಕೆ ತೊಡಿಸಿ 5ವೈ3ರ ಸಾಕೆಟ್ಟಿಗೆ ಮತ್ತೆ ಬೆಸೆದೆ. ಫಿಲ್ಟರ್ ಕೆಪಾಸಿಟರುಗಳು ಈಗ 22 ಮತ್ತು 47.

ಹೊಸ ಅಳತೆಗಳು: ಮೊದಲ ಕೆಪಾಸಿಟರಿನಲ್ಲಿ 306 ವೋಲ್ಟ್, ಎರಡನೆಯದರಲ್ಲಿ 240, ಪ್ಲೇಟಿನಲ್ಲಿ 232, ಕ್ಯಾಥೋಡಿನಲ್ಲಿ 11.5. ಗುಂಯ್ ಸದ್ದು ಕಿವಿಯನ್ನು ಬಟ್ಟೆಗೆ ತಾಗಿಸಿದರೆ ಮಾತ್ರ ಕೇಳುತ್ತದೆ. ಗಂಟೆಗಟ್ಟಲೆ ನುಡಿಸಿದರೂ ಧ್ವನಿ ಒಡೆಯಲಿಲ್ಲ. ಸೆಟ್ಟು 600 ಕಿಲೋಹರ್ಟ್ಸ್‌ನಲ್ಲಿದ್ದಾಗ ಅದರ ಆಸಿಲೇಟರ್ ಪಕ್ಕದ ರೇಡಿಯೊದಲ್ಲಿ 1055ರಲ್ಲಿ ಸಿಕ್ಕಿತು, ಅಂದರೆ ಐಎಫ್ 455.

ಕ್ಯಾಥೋಡಿನಲ್ಲಿ ಮೊದಲಿನಷ್ಟೇ ವೋಲ್ಟ್ ಬಂದಿರುವುದು ಸರಿಯೇ? ಇನ್ನೊಂದು ವಿಷಯ, ಡಯಲಿನ ಮೇಲಿನ ರಂಧ್ರಕ್ಕೆ ಹೋಗುತ್ತಿದ್ದ ತಂತಿಗಳು ಐದು. ಎರಡು ಹೀಟರಿನಿಂದ, ಒಂದು ಎಚ್‌ಟಿಯಿಂದ, ಒಂದು ಚಾಸಿಯಿಂದ, ಇನ್ನೊಂದು ಎವಿಸಿ (ನಿಲ್ದಾಣದ ಬಲಕ್ಕೆ ತಕ್ಕಂತೆ ಧ್ವನಿಯ ಮಟ್ಟವನ್ನು ತಾನೇ ಹೊಂದಿಸುವ ವ್ಯವಸ್ಥೆ) ಲೈನಿನಿಂದ ಬರುತ್ತವೆ.

ಆಂಪ್ಲಿಫೈಯರ್ ಕಟ್ಟುವವರು

ಸರಿಯೇ ಇದೆ. ಅದೇ 11.5 ವೋಲ್ಟ್ 250 ಓಮಿನಲ್ಲಿ 46 ಮಿಲಿಆಂಪಿಯರ್ ಆಗುತ್ತದೆ, ಆಗ 77 ಇತ್ತು. 1000 ಓಮಿನಲ್ಲಿ 66 ವೋಲ್ಟ್ ಇಳಿದಿರುವುದರಿಂದ ಇಡೀ ಸೆಟ್ಟು 66 ಮಿಲಿಆಂಪಿಯರ್ ತೆಗೆದುಕೊಳ್ಳುತ್ತಿದೆ. ಅದರಲ್ಲಿ 46 ಕಳೆದು ಉಳಿದ ಮೂರು ವಾಲ್ವುಗಳಿಗೆ 20. ಲೆಕ್ಕ ಎಲ್ಲಿಯೂ ತಪ್ಪಿಲ್ಲ. ಪ್ಲೇಟಿನ ಶಾಖ 9 ವಾಟಿನ ಸುಮಾರು. 6ವಿ6 ಇದರಲ್ಲಿ ಬಹುಕಾಲ ಬಾಳುತ್ತದೆ.

ದುರಸ್ತಿಯಲ್ಲಿ ಪಳಗಿದವರು

ಆ ಐದು ತಂತಿಗಳು ಮ್ಯಾಜಿಕ್ ಐ ಎಂದು ಕರೆಯುವ ಟ್ಯೂನಿಂಗ್ ಸೂಚಕದವು. 6ಇ5 ಮತ್ತು 6ಯು5 ಎರಡಕ್ಕೂ ಆರು ಪಿನ್ನುಗಳ ಒಂದೇ ಬುಡ. ಆರನೆಯ ತಂತಿ ಬಾರದಿರುವುದಕ್ಕೆ ಕಾರಣ, ಪ್ಲೇಟಿಗೂ ಟಾರ್ಗೆಟ್ಟಿಗೂ (ಹೊಳೆಯುವ ತೆರೆ) ನಡುವಿನ 1 ಮೆಗಓಮ್ ರೆಸಿಸ್ಟರ್ ಸೂಚಕದ ಸಾಕೆಟ್ಟಿನ ಒಳಗೇ ಇರುತ್ತಿತ್ತು. ಹೊಸ ಸಾಕೆಟ್ ತಂದರೆ ಅದನ್ನು ತಾವೇ ಒಳಗೆ ಬೆಸೆಯಬೇಕು, ಮರೆತರೆ ಸೂಚಕದ ನೆರಳು ಅಲುಗುವುದೇ ಇಲ್ಲ. ಅಂದಹಾಗೆ, ಸೂಚಕದ ಹೀಟರ್ 0.3 ಆಂಪಿಯರ್ ತೆಗೆದುಕೊಳ್ಳುತ್ತದೆ, ಇಎಲ್84 ಕೂಡ 6ವಿ6ಕ್ಕಿಂತ ಹೆಚ್ಚಿಗೆ ಕೇಳುವುದು ಸರಿಸುಮಾರು ಅಷ್ಟೇ. ಹಿಂದಿನವರು ಹೀಟರ್ ಸುರುಳಿಯ ಹೊರೆಯನ್ನು ಲೆಕ್ಕಹಾಕಿ ಸೂಚಕವನ್ನು ತೆಗೆದಿದ್ದರೆ ಅವರ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ. ಈಗ 6ವಿ6 ಮರಳಿರುವುದರಿಂದ ಸೂಚಕಕ್ಕೂ ಜಾಗವಿದೆ.

ಎರಡರಲ್ಲಿ ಯಾವುದೆಂಬುದನ್ನು ಎವಿಸಿ ಹೇಳುತ್ತದೆ. 6ಇ5ರ ನೆರಳು 8 ವೋಲ್ಟ್ ಋಣಕ್ಕೇ ಪೂರ್ತಿ ಮುಚ್ಚುತ್ತದೆ; 6ಯು5ಗೆ 22 ವೋಲ್ಟಿನವರೆಗೆ ಅವಕಾಶವಿದೆ. ತಮಗೆ ಸಿಗುವ ಅತ್ಯಂತ ಬಲವಾದ ನಿಲ್ದಾಣಕ್ಕೆ ಟ್ಯೂನ್ ಮಾಡಿ ಆ ಕತ್ತರಿಸಿದ ಎವಿಸಿ ತಂತಿಯಲ್ಲಿ ಅಳೆಯಿರಿ. ಎವಿಸಿ ಲೈನಿನ ರೋಧ ಹೆಚ್ಚಿರುವುದರಿಂದ ಮೀಟರ್ ನಿಜವಾದದ್ದಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಅದನ್ನು ಗಮನದಲ್ಲಿಡಿ. ಅದಕ್ಕೂ ಮೊದಲು ಲೋಹವಲ್ಲದ ಉಪಕರಣದಿಂದ ಐಎಫ್ ಅನ್ನು 455ಕ್ಕೆ ಹೊಂದಿಸಿಕೊಳ್ಳಿ. ಕೋರ್ ಬಿಗಿಯಾಗಿದ್ದರೆ ಬಲ ಹಾಕದೆ ಡಬ್ಬಿಯನ್ನು ನಸುಬೆಚ್ಚಗೆ ಮಾಡಿ ಮೇಣ ಸಡಿಲಗೊಳಿಸಿ.

ರೇಡಿಯೊ ತಂದವರು

ಐಎಫ್ ಹೊಂದಿಸಿದ ಮೇಲೆ ಅಳೆದೆ. ಬಲವಾದ ನಿಲ್ದಾಣದಲ್ಲಿ ಎವಿಸಿ 11 ವೋಲ್ಟ್ ಋಣ ಬರುತ್ತಿದೆ. 6ಇ5 ಅಷ್ಟು ಹೊತ್ತಿಗೆ ಮುಚ್ಚಿಹೋಗುವುದರಿಂದ 6ಯು5 ಹುಡುಕುತ್ತೇನೆ. ಚಾಸಿಯ ಹಿಂಬದಿಯ ಅಂಚಿನಲ್ಲಿ ಓರೆಬೆಳಕು ಬಿಟ್ಟು ನೋಡಿದಾಗ ಬಣ್ಣದ ಕೆಳಗೆ ಒತ್ತಿದ ಅಂಕಿಗಳು ಅಸ್ಪಷ್ಟವಾಗಿ ಕಾಣುತ್ತಿವೆ. ಅವುಗಳ ಫೋಟೊವನ್ನೂ ರಂಧ್ರಗಳ ವಿನ್ಯಾಸದ ಅಳತೆಯನ್ನೂ ಮುಂದಿನ ಬರಹದಲ್ಲಿ ಹಾಕುತ್ತೇನೆ.